ಕೈ ಒಪ್ಪಿಸುವ ದಿನ

ನಮ್ಮ ಊರಲ್ಲಿ ಕಣ್ಣಿಗೆ ಅಳತೆ ತಿಳಿಯುವುದಿಲ್ಲ. ಹಳ್ಳದ ಸೇತುವೆ ದಾಟಿ ಈಚೆ ಕಾಲಿಟ್ಟ ಕ್ಷಣದಿಂದ ಹಾಗೆ. ಬಣ್ಣ ಕಾಣುತ್ತದೆ, ಆಕಾರ ಕಾಣುತ್ತದೆ, ಹತ್ತಿರವೋ ದೂರವೋ ಅನ್ನುವುದೂ ಗೊತ್ತಾಗುತ್ತದೆ. ದೊಡ್ಡದೋ ಸಣ್ಣದೋ ಎನ್ನುವುದೊಂದು ಮಾತ್ರ ಕಣ್ಣಿಗೆ ಹತ್ತುವುದಿಲ್ಲ. ನಿಂಬೆಹಣ್ಣನ್ನೂ ಕುಂಬಳಕಾಯಿಯನ್ನೂ ಪಕ್ಕಪಕ್ಕ ಇಟ್ಟರೆ, ಯಾವುದು ಎಷ್ಟಿದೆ ಅಂತ ತಿಳಿಯಲು ಕೈ ಹಾಕಲೇಬೇಕು. ಹೊರಗಿನಿಂದ ಬರುವ ಬಸ್ಸಿನ ಡ್ರೈವರ್ ಸೇತುವೆಯ ಹತ್ತಿರ ಇಳಿದು ಚಹಾ ಕುಡಿಯುತ್ತ ಕೂಡುತ್ತಾನೆ. ಅಲ್ಲಿಂದ ಬಸ್‌ಸ್ಟ್ಯಾಂಡಿನವರೆಗೆ ನಮ್ಮೂರಿನವನೇ ಓಡಿಸಬೇಕು, ಮುಂದೆ ಕಂಡಕ್ಟರ್ ಬಸ್ಸಿನಷ್ಟೇ ಅಗಲದ ಬಿದಿರಿನ ಗಳ ಅಡ್ಡ ಹಿಡಿದು ನಡೆಯಬೇಕು. ಸಂತೆಯಲ್ಲಿ ಬದನೆಕಾಯಿ ಹಿಚುಕಿ ನೋಡಿದರೆ ಯಾರೂ ಬೈಯುವುದಿಲ್ಲ. ಮನೆಗೆ ಬೀಗರು ಬಂದರೆ ಮೊದಲು ಅವರ ಭುಜ ಹಿಡಿದು ನೋಡುತ್ತೇವೆ, ಎಷ್ಟು ರೊಟ್ಟಿ ಬಡಿಯಬೇಕು ಅಂತ ತಿಳಿಯಲಿಕ್ಕೆ. ನಮಗೆ ಇದರಲ್ಲಿ ವಿಶೇಷವೇನೂ ಅನ್ನಿಸುವುದಿಲ್ಲ.

ಆದರೆ ಕೈಯಿಂದ ಅಳೆಯುವುದು ಮಕ್ಕಳಿಗೆ ಹುಟ್ಟಿನಿಂದ ಬರುವುದಿಲ್ಲ, ಕಲಿಸಬೇಕು. ಅದು ನನ್ನ ಕೆಲಸ. ಹಳೆಯ ಹತ್ತಿ ಗೋದಾಮಿನ ಒಂದು ಮಗ್ಗುಲಲ್ಲಿರುವ ಬಾಲವಾಡಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಮಕ್ಕಳ ಕೈ ತಿದ್ದುತ್ತಿದ್ದೇನೆ. ಊರವರು ನನ್ನನ್ನು ಕಸ್ತೂರಿ ಅಕ್ಕೋರು ಅನ್ನುತ್ತಾರೆ. ನನ್ನ ಸಾಮಾನುಗಳನ್ನೆಲ್ಲ ಮಾಡಿಕೊಟ್ಟವನು ಬಡಿಗೇರ ಮೋನಪ್ಪ. ಹತ್ತು ಚೌಕ ಮರದ ತುಂಡುಗಳಿವೆ. ಮೊದಲನೆಯದು ಹೆಬ್ಬೆರಳಿನ ಒಂದು ಗೆಣ್ಣಿನಷ್ಟು, ಕೊನೆಯದು ಮಗು ಎರಡೂ ಕೈಯಿಂದ ತಬ್ಬಿ ಎತ್ತಬೇಕಾದಷ್ಟು. ಒಂದರ ಮೇಲೊಂದು ಪೇರಿಸಿ ಗೋಪುರ ಮಾಡಿದ ಮೇಲೆ ಮಗು ಮೇಲಿನಿಂದ ಕೆಳಗೆ ಅಂಗೈ ಸವರುತ್ತ ಬರುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುತ್ತ ಬಂದರೆ ಸರಿ. ಹತ್ತು ಗೂಟ, ಹತ್ತು ಕುಳಿ ಇರುವ ಹಲಗೆಯೊಂದಿದೆ. ದಪ್ಪ ಗೂಟ ಸಣ್ಣ ಕುಳಿಗೆ ಇಳಿಯುವುದಿಲ್ಲ, ಸಣ್ಣ ಗೂಟ ದೊಡ್ಡ ಕುಳಿಯಲ್ಲಿ ಅಲ್ಲಾಡುತ್ತದೆ. ತಪ್ಪಾಯಿತು ಎಂದು ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಗೂಟವೇ ಹೇಳುತ್ತದೆ. ಬಟ್ಟೆಯ ಚೀಲದಲ್ಲಿ ಎಳ್ಳು, ಜೋಳ, ಹುಣಸೆಬೀಜ, ಅಂಟವಾಳಕಾಯಿ ಕಲಸಿ ಇಟ್ಟಿರುತ್ತೇನೆ. ಮಕ್ಕಳು ಚೀಲದೊಳಗೆ ಕೈ ಬಿಟ್ಟು ಒಂದೊಂದನ್ನೇ ಬೇರೆ ಮಾಡಬೇಕು. ಎಳ್ಳಿನ ಹೊತ್ತಿಗೆ ಬಹಳ ಮಂದಿ ಆಕಳಿಸುತ್ತಾರೆ.

ಆರು ತುಂಬಿದ ಮಕ್ಕಳು ಬೇಸಿಗೆಯ ಕೊನೆಗೆ ಊರೆದುರಿಗೆ ಕೈ ಒಪ್ಪಿಸಬೇಕು. ಅಂದರೆ ಬಾಲವಾಡಿಯ ಬಾಗಿಲಿನಿಂದ ಓಣಿಯ ತುದಿಯ ಸೂಲಗಿತ್ತಿ ಬಸಲಿಂಗವ್ವನ ಮನೆಯವರೆಗೆ ಒಬ್ಬರೇ ನಡೆದುಹೋಗಿ, ಅಲ್ಲಿ ಇಟ್ಟ ಮೂರು ಪಾತ್ರೆಗಳಲ್ಲಿ ಆಕೆ ಕೇಳಿದ್ದನ್ನು ಎತ್ತಿ ಆಕೆಗೆ ಕೊಡಬೇಕು. ಅಷ್ಟು ಮಾಡಿದ ಮಗು ಸಾಲಿಯಲ್ಲಿ ಒಂದನೇ ಇಯತ್ತೆಗೆ ಸೇರಬಹುದು, ಊರೆಲ್ಲ ಒಂಟಿಯಾಗಿ ತಿರುಗಬಹುದು. ಅಲ್ಲಿಯವರೆಗೆ ಹೊರಗೆ ಹೊರಟಾಗ ಮಗುವಿಗೆ ನೂಲಿನ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ದೊಡ್ಡವರು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ಮಗುವಿನ ಕಣ್ಣಿಗೆ ಬಾವಿಯೂ ಒಂದೇ, ಬಟ್ಟಲೂ ಒಂದೇ.

ಕುಂಬಾರ ಯಮನಪ್ಪ ಮತ್ತು ಸಾವಂತ್ರಿಯ ಮಗಳು ಚಂಪಾ ನನ್ನ ಹತ್ತಿರ ಬಂದಾಗ ನಾಲ್ಕು ವರ್ಷದವಳು. ದುಂಡು ಮುಖ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ಬಂದವಳೇ ಗೋಡೆಗೆ ಬೆನ್ನು ಕೊಟ್ಟು ಕೂತು, ಎರಡೂ ಕೈಗಳನ್ನು ಕಂಕುಳಲ್ಲಿ ಮಡಚಿಟ್ಟುಕೊಂಡಳು. ನಾಚಿಕೆ ಇರಬೇಕು ಅಂದುಕೊಂಡೆ. ತಿಂಗಳು ಕಳೆಯಿತು, ವರ್ಷ ಕಳೆಯಿತು, ಕೈಗಳು ಕಂಕುಳಿನಿಂದ ಈಚೆ ಬರಲಿಲ್ಲ. ತನ್ನ ತಟ್ಟೆ, ತನ್ನ ಲಂಗ, ತನ್ನವ್ವನ ಸೆರಗು, ಇಷ್ಟನ್ನು ಮುಟ್ಟುತ್ತಿದ್ದಳು. ಹೊಸದು ಯಾವುದನ್ನೂ ಇಲ್ಲ. ಮರದ ತುಂಡು ಮುಂದಿಟ್ಟರೆ ಬೆಂಕಿಯ ಕೆಂಡ ಇಟ್ಟಂತೆ ಹಿಂದೆ ಸರಿಯುತ್ತಿದ್ದಳು. ಬೇರೆಯದರಲ್ಲಿ ಚುರುಕು ಹುಡುಗಿ. ಹಾಡು ಒಮ್ಮೆ ಕೇಳಿದರೆ ಬಾಯಿಪಾಠ. ಯಾರ ಚಪ್ಪಲಿ ಸಪ್ಪಳ ಯಾವುದು ಅಂತ ಹೇಳುತ್ತಿದ್ದಳು. ಅದು ನನ್ನ ಲಕ್ಷ್ಯಕ್ಕೆ ಬಂದಿತ್ತು, ಆದರೆ ನಾನು ಕೈಯ ಟೀಚರು. ಕಿವಿಯದು ನನ್ನ ವಿಷಯವಲ್ಲ ಅಂತ ಬಿಟ್ಟೆ.

ಅವಳಿಗೆ ಐದೂವರೆ ಆದಾಗ ಒಂದು ಘಟನೆ ನಡೆಯಿತು. ಸಾವಂತ್ರಿ ಗಡಿಗೆ ಮಾರಲು ಸಂತೆಗೆ ಹೋಗಿದ್ದಳು. ಹಗ್ಗದ ಗಂಟು ಸಡಿಲಾಗಿದ್ದು ಅವಳಿಗೆ ಗೊತ್ತಾಗಲಿಲ್ಲ. ಮನೆ ಕಟ್ಟುವವರು ಸುಣ್ಣ ಕಲಸಿಟ್ಟ ಗುಂಡಿ ಚಂಪಾಳ ಕಣ್ಣಿಗೆ ಹಾಲಿನ ಬಟ್ಟಲಿನಂತೆ ಕಂಡಿರಬೇಕು. ಅದನ್ನು ದಾಟಲು ಒಂದು ಕಾಲು ಎತ್ತಿದ್ದಳಂತೆ. ಯಾರೋ ಹೆಣ್ಣುಮಗಳು ಜಡೆ ಹಿಡಿದು ಎಳೆದಳು.

ಮರುದಿನ ಸಾವಂತ್ರಿ ಬಾಲವಾಡಿಗೆ ಬಂದಳು. ಅತ್ತು ಕಣ್ಣು ಬಾತಿದ್ದವು. "ಅಕ್ಕೋರ, ಇನ್ನ ನನ್ನ ಕೈಲಿ ಆಗಂಗಿಲ್ರಿ. ಈಕಿನ್ನ ನಮ್ಮಕ್ಕನ ಊರಿಗೆ ಕಳಸ್ತೀನಿ. ಸೇತುವಿ ಆಚೆ ಕಣ್ಣು ಕೆಲಸ ಮಾಡ್ತಾವ. ಅಲ್ಲೇ ಸಾಲಿಗೆ ಹೋಗಲಿ, ಅಲ್ಲೇ ಬೆಳೀಲಿ."

"ಯಮನಪ್ಪ ಏನಂತಾನ?" ಅಂದೆ.

"ಅವ್ರೇನ್ ಅಂತಾರ್ರಿ. ರಾತ್ರಿಯಿಂದ ಮಾತಾಡಿಲ್ಲ. ಒಂದ ಕೂಸದ ನಮಗ. ಅದರ ಜೀವಾ ಉಳದ್ರ ಸಾಕು."

"ಕೈ ಒಪ್ಪಿಸೂ ದಿನಾ ಇನ್ನೂ ಆರು ತಿಂಗಳ ಅದ ಸಾವಂತ್ರಿ. ಅಲ್ಲೀತನಕ ತಡಿ. ನಾ ಕಲಸ್ತೀನಿ."

ಈ ಮಾತನ್ನು ನಾನು ಧೈರ್ಯದಿಂದ ಹೇಳಿದೆನೋ ಸೊಕ್ಕಿನಿಂದ ಹೇಳಿದೆನೋ ಈಗ ತಿಳಿಯದು. ಹತ್ತೊಂಬತ್ತು ವರ್ಷಗಳಲ್ಲಿ ನನ್ನ ಕೈಯಿಂದ ಒಂದು ಮಗುವೂ ಕೈ ಒಪ್ಪಿಸದೆ, ಹಗ್ಗದೊಂದಿಗೇ ಬಾಲವಾಡಿ ಬಿಟ್ಟು ಹೋಗಿರಲಿಲ್ಲ. ಆ ಹೆಸರು ಉಳಿಸಿಕೊಳ್ಳುವ ಆಸೆಯೂ ಅದರಲ್ಲಿ ಸೇರಿತ್ತು. ಮೋನಪ್ಪನಿಂದ ತುಂಡುಗಳನ್ನು ಇನ್ನಷ್ಟು ನುಣುಪು ಮಾಡಿಸಿದೆ. ಅವುಗಳಿಗೆ ಹತ್ತಿಬಟ್ಟೆ ಸುತ್ತಿದೆ. ಬೆಲ್ಲದ ನೀರು ಸವರಿ ನೋಡಿದೆ. ಬೇರೆ ಮಕ್ಕಳು ನೆಕ್ಕಿದರು, ಅವಳು ಮುಖ ತಿರುಗಿಸಿದಳು. ಒಂದು ತಿಂಗಳು ಹೀಗೆ ಹೋದ ಮೇಲೆ, ಒಂದು ಮಧ್ಯಾಹ್ನ ನನ್ನ ಸಹನೆ ಮುಗಿಯಿತು. ಅವಳ ಬಲಗೈಯನ್ನು ಕಂಕುಳಿನಿಂದ ಎಳೆದು, ದೊಡ್ಡ ಮರದ ತುಂಡಿನ ಮೇಲೆ ಒತ್ತಿ ಹಿಡಿದೆ. "ನೋಡು, ಏನ್ ಆತು? ಕಚ್ತದೇನು?" ಅಂದೆ.

ಅವಳು ಚೀರಿದಳು. ಆ ಚೀರಾಟಕ್ಕೆ ಬೇರೆ ಮಕ್ಕಳ ಗೋಪುರಗಳು ಬಿದ್ದವು. ನಾನು ಕೈ ಬಿಟ್ಟೆ, ಆದರೆ ಅವಳು ಉಸಿರು ಕಟ್ಟಿ ನೀಲಿಯಾಗಿದ್ದಳು. ನೀರು ಚಿಮುಕಿಸಿ, ಬೆನ್ನು ತಟ್ಟಿ ಸರಿ ಮಾಡಬೇಕಾಯಿತು. ಆಮೇಲೆ ಎಂಟು ದಿನ ಅವಳು ಬಾಲವಾಡಿಗೆ ಬರಲಿಲ್ಲ.

ಆ ಎಂಟು ದಿನ ನನಗೆ ಊಟ ರುಚಿಸಲಿಲ್ಲ. ಮಕ್ಕಳಿಗೆ ಏನು ಮಾಡಬಾರದು ಎಂದು ಹೊಸ ಟೀಚರುಗಳಿಗೆ ಹೇಳಿಕೊಡುತ್ತೇನೋ ಅದನ್ನೇ ನಾನು ಮಾಡಿದ್ದೆ. ಒಂಬತ್ತನೆಯ ದಿನ ಬಾಲವಾಡಿ ಬಿಟ್ಟ ಮೇಲೆ ಕುಂಬಾರ ಓಣಿಗೆ ನಡೆದೆ. ತಾಯಿ ತಂದೆಯ ಎದುರಿಗೆ ಆ ಮಗುವಿಗೆ ತಪ್ಪಾಯಿತು ಅನ್ನಬೇಕು ಅನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಯಮನಪ್ಪ ಅಂಗಳದಲ್ಲಿ ಆವಿಗೆಯಲ್ಲಿ ಸುಟ್ಟು ತೆಗೆದ ಗಡಿಗೆಗಳನ್ನು ಸಾಲಾಗಿ ಇಟ್ಟುಕೊಂಡು, ಒಂದೊಂದನ್ನೇ ಬೆರಳ ಗೆಣ್ಣಿನಿಂದ ಬಾರಿಸಿ ಸೀಳು ಇದೆಯೋ ಇಲ್ಲವೋ ನೋಡುತ್ತಿದ್ದ. ಚಂಪಾ ಅವನಿಗೆ ಬೆನ್ನು ಮಾಡಿ, ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ನಾನು ಬೇಲಿಯ ಹತ್ತಿರ ನಿಂತೆ. ಅವನು ಒಂದು ಬಾರಿಸಿದ. "ಇದು ನೀರಿನ ಕೊಡ," ಅಂದಳು ಚಂಪಾ. ಇನ್ನೊಂದು ಬಾರಿಸಿದ. "ಇದು ಮೊಸರಿನ ಕುಡಿಕಿ." ಮತ್ತೊಂದು. "ಇದು ಕೊಡಕ್ಕಿಂತ ದೊಡ್ಡದು. ಕಾಳು ಹಾಕೂದು." ಹಿಂದೆ ತಿರುಗಿ ನೋಡಿರಲಿಲ್ಲ. ನೋಡಿದ್ದರೂ ಉಪಯೋಗವಿರಲಿಲ್ಲ, ನಮ್ಮೂರಲ್ಲಿ ಕಣ್ಣಿನಿಂದ ಅದು ತಿಳಿಯುವಂಥದ್ದಲ್ಲ.

ನಾನು ಬೇಲಿ ದಾಟಿ ಒಳಗೆ ಹೋದೆ. "ಯಮನಪ್ಪ, ಈಕಿ ದಿನಾ ಹಿಂಗ ಹೇಳ್ತಾಳೇನು?"

ಅವನು ಎದ್ದು ನಿಂತ. "ಹೂನ್ರಿ ಅಕ್ಕೋರ. ಆಟಾ ಆಡ್ತಾಳ. ಸಣ್ಣಾಕಿ ಇದ್ದಾಗಿಂದ ಹಿಂಗ."

"ಆಟಲ್ಲೋ ಮಾರಾಯಾ," ಅಂದೆ. "ಈಕಿ ಅಳತಿ ಹೇಳಾಕತ್ತಾಳ."

ಗಡಿಗೆ ಅವನ ಕೈಯಲ್ಲಿ ಹಾಗೇ ಉಳಿಯಿತು. ಮಾತು ಬಂದಾಗಿನಿಂದ ಆ ಅಂಗಳದಲ್ಲಿ ಮಗು ಅದನ್ನೇ ಹೇಳುತ್ತ ಬಂದಿತ್ತು, ಅವನಿಗೆ ಹಾಗೆ ಕೇಳಿಸಿರಲಿಲ್ಲ. ನನಗೂ ಕೇಳಿಸಿರಲಿಲ್ಲ. ನಾನು ಚಂಪಾಳ ಮುಂದೆ ನೆಲಕ್ಕೆ ಕೂತೆ. "ಚಂಪಾ, ನಾ ಅವತ್ತು ನಿನ್ನ ಕೈ ಎಳದೆ. ಅದು ತಪ್ಪಾತು. ಇನ್ನ ಎಳಿಯಂಗಿಲ್ಲ," ಅಂದೆ. ಅವಳು ಕಟ್ಟೆಯ ಮೇಲೆ ಸ್ವಲ್ಪ ಆಚೆ ಸರಿದಳು. ನನಗೆ ಕೂಡಲು ಜಾಗ ಮಾಡಿಕೊಟ್ಟಳೋ, ನನ್ನಿಂದ ದೂರವಾದಳೋ ತಿಳಿಯಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ, ಅವಳು ಎದ್ದುಹೋಗಲಿಲ್ಲ.

ಮರುದಿನ ಮೋನಪ್ಪನ ಹತ್ತಿರ ಹೋಗಿ ಹತ್ತು ಟೊಳ್ಳು ಪೆಟ್ಟಿಗೆ ಮಾಡಿಕೊಡು ಅಂದೆ, ಒಂದಕ್ಕಿಂತ ಒಂದು ದೊಡ್ಡದು.

"ಟೊಳ್ಳ್ಯಾಕ? ಗಟ್ಟಿ ತುಂಡು ಅದಾವಲ್ಲ," ಅಂದ ಅವನು. ವಿಷಯ ಹೇಳಿದೆ. ಗರಗಸ ಕೆಳಗಿಟ್ಟು ಬಹಳ ಹೊತ್ತು ಗಡ್ಡ ಕೆರೆದುಕೊಂಡ. "ಹಂಗಾದ್ರ ಎಲ್ಲಾ ಒಂದ ಮರದ್ದ ಇರಬೇಕು. ಸಾಗವಾನಿ ಒಂದು ದನಿ, ಬೇವು ಒಂದು ದನಿ," ಅಂದ. ಒಂದೇ ಹಲಗೆಯಿಂದ ಹತ್ತನ್ನೂ ಕೊಯ್ದು ವಾರದೊಳಗೆ ಕೊಟ್ಟ.

ಚಂಪಾಳಿಗೆ ಒಂದು ಹುಣಸೆಯ ಕಡ್ಡಿ ಕೊಟ್ಟೆವು. ಕಡ್ಡಿಯನ್ನು ಯಮನಪ್ಪನೇ ಮನೆಯಲ್ಲಿ ಹದ ಮಾಡಿ, ಅವಳ ತಟ್ಟೆಯ ಪಕ್ಕ ನಾಲ್ಕು ದಿನ ಇಟ್ಟು, ಅವಳದೇ ಮಾಡಿ ಕಳಿಸಿದ್ದ. ಮೊದಲ ದಿನ ಅವಳು ಪೆಟ್ಟಿಗೆಗಳ ಸುತ್ತ ಒಂದು ಪ್ರದಕ್ಷಿಣೆ ಬಂದು ದೂರ ಕೂತಳು. ಎರಡನೆಯ ದಿನ ಒಂದನ್ನು ಬಾರಿಸಿದಳು. ಮೂರನೆಯ ದಿನ ಹತ್ತನ್ನೂ ಬಾರಿಸಿ, ಕಡ್ಡಿಯಿಂದಲೇ ತಳ್ಳಿ ತಳ್ಳಿ ಸಾಲಿಗೆ ಹಚ್ಚಿದಳು. ನಾನು ಕೈ ಸವರಿ ನೋಡಿದೆ. ಒಂದೂ ತಪ್ಪಿರಲಿಲ್ಲ. ಬೇರೆ ಮಕ್ಕಳೂ ಬಂದು ಸವರಿ ನೋಡಿದರು. "ಏ, ಖರೇ ಅದ," ಅಂತ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಅಷ್ಟು ಹೊತ್ತಿಗೆ ಅವಳು ಎಲ್ಲಕ್ಕಿಂತ ದೊಡ್ಡ ಪೆಟ್ಟಿಗೆಯ ಮೇಲೆ ಹೋಗಿ ಕೂತಿದ್ದಳು. ಕೈ ಅದರ ಅಂಚಿನ ಮೇಲಿತ್ತು. ಅವಳಾಗಿ ಇಟ್ಟಿದ್ದು. ದನಿ ಕೇಳಿ ಗುರುತಾದ ಮೇಲೆ ಅವಳಿಗೆ ಆ ಪೆಟ್ಟಿಗೆ ಪರಕೀಯವಾಗಿರಲಿಲ್ಲ. ನಾನು ಬೇರೆ ಕಡೆ ನೋಡಿದೆ.

ಆಮೇಲಿನ ತಿಂಗಳುಗಳು ಸುಖದವು. ದಿನಾ ಸಂಜೆ ಸಾವಂತ್ರಿ, ಚಂಪಾ, ನಾನು ಓಣಿಯಲ್ಲಿ ನಡೆಯುತ್ತಿದ್ದೆವು. ಅವಳು ಬಾಗಿಲು ಬಂದರೆ ನಿಂತು "ಹೋ" ಅನ್ನುತ್ತಿದ್ದಳು, ದನಿ ಹೇಗೆ ಮರಳಿ ಬರುತ್ತದೆ ಕೇಳುತ್ತಿದ್ದಳು. ಇಕ್ಕಟ್ಟಾದ ಸಂದಿಯಲ್ಲಿ ದನಿ ಬೇಗ ಬರುತ್ತದಂತೆ. ಬಾವಿಯಲ್ಲಿ ತಡವಾಗಿ, ತೊಯ್ದು ಬರುತ್ತದಂತೆ. ಸುಣ್ಣದ ಗುಂಡಿಯ ಹತ್ತಿರವೂ ಕರೆದುಕೊಂಡು ಹೋದೆವು. ಸಾವಂತ್ರಿ ನನ್ನ ಮೊಳಕೈ ಬಿಗಿಯಾಗಿ ಹಿಡಿದಿದ್ದಳು. ಚಂಪಾ ಒಂದು ಕಲ್ಲು ಒದ್ದು ಬೀಳಿಸಿ ಕೇಳಿಸಿಕೊಂಡಳು. "ಇದು ಬಟ್ಲಲ್ಲ," ಅಂದು ಎರಡು ಹೆಜ್ಜೆ ಹಿಂದೆ ಬಂದಳು.

ಇಷ್ಟರಲ್ಲಿ ಸುದ್ದಿ ಸಾಲಿಯ ಹೆಡ್‌ಮಾಸ್ತರ ಅಡಿವೆಪ್ಪನವರಿಗೆ ಮುಟ್ಟಿತು. ಕೆಟ್ಟವರಲ್ಲ, ಆದರೆ ಕ್ರಮ ಬಿಟ್ಟು ಒಂದು ಹೆಜ್ಜೆ ಇಡುವವರಲ್ಲ. ಬಾಲವಾಡಿಗೇ ಬಂದರು. "ಕೈ ಒಪ್ಪಸೂದು ಅಂದ್ರ ಕೈ ಒಪ್ಪಸೂದು, ಅಕ್ಕೋರ. ಕಿವಿ ಒಪ್ಪಸೂದು ಅಂತ ನಮ್ಮೂರಾಗ ಇಲ್ಲ. ನಾಳೆ ಗದ್ದಲದಾಗ ಕಿವಿ ಕೇಳಸಲಿಲ್ಲ ಅಂದ್ರ? ಆ ಕೂಸಿನ ಹೊಣಿ ನನ್ನ ಮ್ಯಾಲೆ ಬರ್ತದ." ಅವರ ಮಾತಿನಲ್ಲಿ ಹುರುಳಿಲ್ಲ ಅನ್ನುವಂತಿರಲಿಲ್ಲ. "ಬಸಲಿಂಗವ್ವ ಹೇಳಿದಂಗ ಆಗಲಿ," ಅಂದೆ. ಅದಕ್ಕೆ ಅವರೂ ಒಪ್ಪಿದರು.

ಕೈ ಒಪ್ಪಿಸುವ ದಿನ ಒಂಬತ್ತು ಮಕ್ಕಳಿದ್ದರು. ಚಂಪಾಳದು ಕೊನೆಯ ಸರದಿ. ಓಣಿಯ ಎರಡೂ ಬದಿಗೆ ಜನ ನಿಂತಿದ್ದರು. ಪದ್ಧತಿಯಂತೆ ಯಾರೂ ಮಾತಾಡುತ್ತಿರಲಿಲ್ಲ. ಅವಳು ಕಡ್ಡಿ ಹಿಡಿದು ಹೊರಟಳು. ನೀರಿನ ಕಲ್ಲುಬಾನಿಯ ಹತ್ತಿರ ನಿಂತು "ಹೋ" ಅಂದಳು, ಸುತ್ತಿ ಹೋದಳು. ಒಂದೊಂದು ಒಂದೊಂದು ಎತ್ತರದ ನಾಲ್ಕು ಮೆಟ್ಟಿಲುಗಳನ್ನು ಬಾರಿಸಿ, ಕಾಲು ಎಷ್ಟು ಬೇಕೋ ಅಷ್ಟೇ ಎತ್ತಿ ಹತ್ತಿದಳು. ಸಾವಂತ್ರಿ ನನ್ನ ಪಕ್ಕದಲ್ಲಿ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಳು. ಯಮನಪ್ಪ ಕಣ್ಣು ಮುಚ್ಚಿಕೊಂಡು ಬರೀ ಕೇಳುತ್ತಿದ್ದ.

ಬಸಲಿಂಗವ್ವನ ಕಟ್ಟೆಯ ಮೇಲೆ ಮೂರು ಪಾತ್ರೆಗಳಿದ್ದವು. ಒಂದು ಹಿತ್ತಾಳೆಯದು, ಒಂದು ಮಣ್ಣಿನದು, ಒಂದು ಮರದ್ದು. ನಾವು ಒಂದೇ ಮರದ ಪೆಟ್ಟಿಗೆಗಳನ್ನು ಬಾರಿಸಿ ಕಲಿಸಿದ್ದೆವು. ಯಾರೂ ಬೇಕೆಂದು ಹಾಗೆ ಇಟ್ಟಿರಲಿಲ್ಲ; ಪ್ರತಿ ವರ್ಷವೂ ಅವೇ ಮೂರು. ಕೈಗೆ ಅದರಿಂದ ವ್ಯತ್ಯಾಸವಾಗುವುದಿಲ್ಲವಲ್ಲ, ಹಾಗಾಗಿ ಇಷ್ಟು ವರ್ಷ ನಾನು ಅದನ್ನು ಗಮನಿಸಿಯೇ ಇರಲಿಲ್ಲ.

"ಎಲ್ಲಾಕಿಂತ ಸಣ್ಣದು ತಾ, ನನ್ನವ್ವ," ಅಂದಳು ಬಸಲಿಂಗವ್ವ.

ಚಂಪಾ ಹಿತ್ತಾಳೆಯದನ್ನು ಬಾರಿಸಿದಳು. ಅದು ಸಣ್ಣ ದನಿಯಲ್ಲಿ ಖಣ್ಣೆಂದಿತು. ಮಣ್ಣಿನದು ದಪ್ಪಗೆ ಅಂದಿತು. ಮರದ್ದು ಮಂಕಾಗಿ. ಅವಳು ಹಿತ್ತಾಳೆಯ ಕಡೆ ಒಂದು ಹೆಜ್ಜೆ ಇಟ್ಟಳು. ಅದು ಮೂರರಲ್ಲಿ ದೊಡ್ಡದು ಅಂತ ನನಗೆ ಗೊತ್ತಿತ್ತು. ಬಾಯಿ ಬಿಡುವಂತಿಲ್ಲ. ಅವಳು ನಿಂತಳು. ಹುಬ್ಬು ಗಂಟಿಕ್ಕಿದಳು. ಮತ್ತೆ ಮೂರನ್ನೂ ಬಾರಿಸಿದಳು, ಇನ್ನೂ ಗೊಂದಲವಾಯಿತು. ಕಡ್ಡಿ ಕೆಳಗೆ ಇಟ್ಟಳು.

ಅಡಿವೆಪ್ಪನವರು ಕೆಮ್ಮಿದರು. "ಬಸಲಿಂಗವ್ವಾ, ಕೈಲೇ ಮುಟ್ಟಿ ಹೇಳಬೇಕು. ಕ್ರಮ ಹಂಗದ."

ಎಂಬತ್ತು ದಾಟಿದ ಆ ಮುದುಕಿ ಅವರ ಕಡೆ ತಿರುಗಿದಳು. "ಮಾಸ್ತರ, ನಿನ್ನ ನಾನ ಹಿಡದಾಕಿ. ಈ ಓಣ್ಯಾಗ ನಿಂತ ಮಂದೀನೆಲ್ಲಾ ನಾನ ಹಿಡದಾಕಿ. ಕೂಸಿನ್ನ ಸವರಿ ನೋಡೂಕಿಂತ ಮದಲ ಅದರ ಅಳು ನನ್ನ ಕಿವಿಗೆ ಬರತಿತ್ತು. ಅಳು ಕೇಳಿದ ಕೂಡ್ಲೆ ಕೂಸು ಎಷ್ಟದ ಅಂತ ನನಗ ತಿಳೀತಿತ್ತು. ಕೈ ಆಮ್ಯಾಲ. ಸುಮ್ಮ ನಿಂದ್ರು."

ಚಂಪಾ ಅಷ್ಟರಲ್ಲಿ ಮೊಣಕಾಲೂರಿ ಹಿತ್ತಾಳೆಯ ಪಾತ್ರೆಯ ಬಾಯಿಗೆ ಬಾಯಿ ತಂದು "ಹೋ" ಅಂದಳು. ಒಳಗಿನ ದನಿ ಹೊರಗೆ ಬರುವುದನ್ನು ಕೇಳಿದಳು. ಮಣ್ಣಿನದರೊಳಗೆ "ಹೋ" ಅಂದಳು. ಮರದ್ದರೊಳಗೆ ಅಂದಳು. ಮತ್ತೆ ಮಣ್ಣಿನದಕ್ಕೆ ಬಂದು ಇನ್ನೊಮ್ಮೆ, ಈ ಸಲ ಬಹಳ ಮೆಲ್ಲಗೆ, ಯಾರಿಗೋ ಗುಟ್ಟು ಹೇಳುವಂತೆ. ಇದನ್ನು ಅವಳಿಗೆ ನಾನು ಕಲಿಸಿರಲಿಲ್ಲ. ಓಣಿಯ ಬಾಗಿಲುಗಳೂ ಬಾವಿಯೂ ಕಲಿಸಿದ್ದವೋ, ಆಗಲೇ ಹೊಳೆಯಿತೋ.

ಮರದ ಪಾತ್ರೆಯನ್ನು ಎರಡೂ ಕೈಯಿಂದ ಎತ್ತಿಕೊಂಡು ಹೋಗಿ ಬಸಲಿಂಗವ್ವನ ಮಡಿಲಲ್ಲಿ ಇಟ್ಟಳು. ಮುದುಕಿ ಅದನ್ನು ಸವರಿ ನೋಡಲಿಲ್ಲ. ಕೈಯನ್ನು ನೇರ ಚಂಪಾಳ ತಲೆಯ ಮೇಲೆ ಇಟ್ಟಳು. "ಒಪ್ಪಿತು," ಅಂದಳು. ಅಡಿವೆಪ್ಪನವರು ಮೂರು ಪಾತ್ರೆಗಳನ್ನೂ ತಾವೇ ಮುಟ್ಟಿ ನೋಡಿ, ಇನ್ನೊಮ್ಮೆ ಮುಟ್ಟಿ ನೋಡಿ, "ಹೆಸರು ಬರಸ್ರಿ," ಅಂದರು. ಅಷ್ಟಕ್ಕೆ ಓಣಿಯ ಮೌನ ಮುಗಿಯಿತು. ಯಮನಪ್ಪ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಸಾವಂತ್ರಿ ನಗುತ್ತಿದ್ದಳು, ಅವಳ ನಗೆ ಅಷ್ಟು ಗಟ್ಟಿ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಸಾಲಿ ಶುರುವಾದ ಬೆಳಿಗ್ಗೆ ಚಂಪಾ ಹೊಸ ಚೀಲ ಹಾಕಿಕೊಂಡು ಬಾಲವಾಡಿಯ ಬಾಗಿಲಿಗೆ ಬಂದಳು. ಒಬ್ಬಳೇ ಬಂದಿದ್ದಳು. ಒಳಗೆ ಆ ವರ್ಷದ ಹೊಸ ಮಕ್ಕಳು ಜೋರಾಗಿ ಅಳುತ್ತಿದ್ದರು.

"ಅಕ್ಕೋರ, ಹಿಂದಕ ತಿರುಗ್ರಿ," ಅಂದಳು.

ತಿರುಗಿ ಬಗ್ಗಿದೆ. ನನ್ನ ಬೆನ್ನಿಗೆ ಕಿವಿ ಹಚ್ಚಿದಳು. "ಏನರ ಅನ್ರಿ."

"ಏನ್ ಅನ್ನಲಿ?"

"ಇನ್ನೊಂದೀಟು ಅನ್ರಿ."

ಎಳ್ಳು, ಜೋಳ, ಹುಣಸೆಬೀಜ ಅಂತ ಬಾಯಿಗೆ ಬಂದದ್ದು ಹೇಳಿದೆ. ಅವಳು ಪೂರ್ತಿ ಕೇಳಿ ಕಿವಿ ತೆಗೆದಳು. ನಾನು ತಿರುಗಿ ನೋಡಿದಾಗ ಮುಖದಲ್ಲಿ ದೊಡ್ಡ ಆಶ್ಚರ್ಯವಿತ್ತು.

"ನೀವು ಭಾಳ ದೊಡ್ಡೋರು ಅಂತ ತಿಳಕೊಂಡಿದ್ದೆ ನಾ. ಇಷ್ಟ ಅದೀರಿ? ನಮ್ಮವ್ವಕ್ಕಿಂತ ಸಣ್ಣೋರ ಅದೀರಲ್ರಿ."

"ಹೌದವಾ," ಅಂದೆ.

ಸಾಲಿಯ ಗಂಟೆ ಹೊಡೆಯಿತು. ಅವಳು ಅದಕ್ಕೆ ಕಿವಿಗೊಟ್ಟು, "ಅದು ದೊಡ್ಡದು," ಅಂದು ಓಡಿದಳು. ಚೀಲ ಬೆನ್ನ ಮೇಲೆ ಕುಣಿಯುತ್ತಿತ್ತು. ಅವಳು ಮೂಲೆ ತಿರುಗುವವರೆಗೆ ನಿಂತಿದ್ದು, ಆಮೇಲೆ ಒಳಗೆ ಹೋಗಿ, ಅಳುತ್ತಿದ್ದ ಮಕ್ಕಳ ನಡುವೆ ನೆಲದ ಮೇಲೆ ಕೂತೆ. ಏನೂ ಮುಂದಿಡಲಿಲ್ಲ. ಒಬ್ಬೊಬ್ಬರ ಅಳುವನ್ನೂ ಸ್ವಲ್ಪ ಹೊತ್ತು ಕೇಳಿದೆ.